ಹ್ಯಾಂಡ್‌ಸೋನಿಕ್ ತಗೊಂಡು ಆರು ತಿಂಗಳಾಯಿತು, ಕೈಗೆ ಡ್ರಮ್ ಸೆಟ್ ಸಿಗ್ತಾ ಇಲ್ಲ

ಸೇಡಂ ರಸ್ತೆ ಡ್ರಮ್ಮರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಡ್ರಮ್ ಸೆಟ್ ಬಾರಿಸುತ್ತಿದ್ದೇನೆ. ಲಗ್ನ, ಗಣಪತಿ, ಕಾಲೇಜು ಗ್ಯಾದರಿಂಗ್, ಎರಡು ಸಲ ಎಸ್.ಎಂ. ಪಂಡಿತ ರಂಗಮಂದಿರದಲ್ಲೂ ಬಾರಿಸಿದ್ದೇನೆ. ನನ್ನದು ಐದು ಪೀಸಿನ ಸೆಟ್. 22 ಇಂಚಿನ ಬೇಸ್, 14 ಇಂಚಿನ ಸ್ನೇರ್, ಮೂರು ಟಾಮ್, ಜೊತೆಗೆ ಹೈ-ಹ್ಯಾಟ್, ಕ್ರ್ಯಾಶ್, ರೈಡ್ ಅನ್ನುವ ತಾಳಗಳು (ಸಿಂಬಲ್).

ನನ್ನ ತೊಂದರೆ ಸಾಗಾಟದ್ದು. ಆಳಂದ ಕಡೆ ಒಂದು ಲಗ್ನಕ್ಕೆ ಹೋಗಿ ಬಂದರೆ ಅರ್ಧ ರೊಕ್ಕ ಟಂಟಂ ಬಾಡಿಗೆಗೇ ಹೋಗುತ್ತದೆ. ಕಟ್ಟಲು ಒಂದು ತಾಸು, ಬಿಚ್ಚಲು ಮತ್ತೊಂದು ತಾಸು. ಹಾಡುವವರು ಊಟ ಮಾಡಿ ಮಲಗಿದ ಮೇಲೂ ನಾನು ಸ್ಟ್ಯಾಂಡಿನ ನಟ್ ಬಿಚ್ಚುತ್ತಾ ಇರುತ್ತೇನೆ.

ಅದಕ್ಕೇ ಆರು ತಿಂಗಳ ಹಿಂದೆ ರೋಲ್ಯಾಂಡ್ ಹ್ಯಾಂಡ್‌ಸೋನಿಕ್ ಎಚ್‌ಪಿಡಿ-20 ಅನ್ನುವ ಎಲೆಕ್ಟ್ರಾನಿಕ್ ಪ್ಯಾಡ್ ಸೆಕೆಂಡ್‌ಹ್ಯಾಂಡ್ ತಗೊಂಡೆ. ದುಂಡಗಿದೆ, ತೊಡೆ ಮೇಲೆ ಕೂರುತ್ತದೆ. ನಡುವೆ ಐದು ದೊಡ್ಡ ಪ್ಯಾಡ್, ಅಂಚಿಗೆ ಎಂಟು ಸಣ್ಣವು. 850 ಟೋನ್ ಇವೆ. ತೂಕ ಹೆಚ್ಚು ಕಡಿಮೆ ಮೂರು ಕೆಜಿ. ಬೆನ್ನಿಗೆ ಹಾಕಿಕೊಂಡು ಬೈಕ್ ಹತ್ತಿದರೆ ಮುಗೀತು.

ಆದರೆ ಆರು ತಿಂಗಳಾದರೂ ಕೈಗೆ ಹತ್ತುತ್ತಿಲ್ಲ. ಡ್ರಮ್ ಕಿಟ್ ಟೋನ್ ಹಾಕಿಕೊಂಡು ಕೂರುತ್ತೇನೆ. ಕಾಲಲ್ಲಿ ಹೊಡೆಯಬೇಕಾದ ಬೇಸನ್ನು ಬೆರಳಲ್ಲಿ ಹೊಡೆಯಬೇಕು. ಕಾಲು ಸುಮ್ನೆ ನೆಲ ಕುಟ್ಟುತ್ತಾ ಇರುತ್ತದೆ. ರೋಲ್ (ಒಂದೇ ಸಮ ಬೇಗ ಬೇಗ ಹೊಡೆಯುವುದು) ಹಾಕಿದರೆ ಹೊಲಿಗೆ ಮಶೀನಿನ ಹಾಗೆ ಕೇಳುತ್ತದೆ. ಹೊಡೆದಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ಏನೋ ಒಂದು ಎಳೆ ಇದೆ. ಒಂದು ತಾಸು ಬಾರಿಸಿದರೆ ಬೆರಳಿನ ಗೆಣ್ಣು ನೋಯುತ್ತವೆ.

ಇದನ್ನು ಮಾರಿಬಿಡಲಾ? ಇಲ್ಲ, ನಾನೇ ಏನಾದರೂ ತಪ್ಪು ಮಾಡ್ತಾ ಇದ್ದೀನಾ?

ಹಳೇ ಪೆಡಲ್, ಹುಮನಾಬಾದ್

ತಮ್ಮಾ, ಮಾರಿಬಿಡು. ಸಿಟ್ಟಿನಿಂದ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಚರ್ಚಿನ ಕ್ವಾಯರ್ ಜೊತೆ ಡ್ರಮ್ ಬಾರಿಸುತ್ತಿರುವವನು ಹೇಳುತ್ತಿದ್ದೇನೆ.

ಡ್ರಮ್ ಸೆಟ್ ಅನ್ನೋದು ಹುಟ್ಟಿದ್ದೇ ಕಾಲಿನಿಂದ. ಮೊದಲೆಲ್ಲ ಬ್ಯಾಂಡಿನಲ್ಲಿ ಬೇಸಿಗೆ ಒಬ್ಬ, ಸ್ನೇರಿಗೆ ಒಬ್ಬ, ತಾಳಕ್ಕೆ ಮತ್ತೊಬ್ಬ ನಿಲ್ಲುತ್ತಿದ್ದರು. ಅಮೆರಿಕದ ವಿಲಿಯಂ ಲುಡ್ವಿಗ್ 1909ರಲ್ಲಿ ಚುರುಕಾಗಿ ಕೆಲಸ ಮಾಡುವ ಬೇಸ್ ಪೆಡಲ್ ಮಾಡಿದರು. ಆಮೇಲೆ ಒಬ್ಬನೇ ಕೂತು ಎಲ್ಲ ಬಾರಿಸುವುದು ಸಲೀಸಾಯಿತು. 1920ರ ದಶಕದಲ್ಲಿ ಹೈ-ಹ್ಯಾಟ್ ಬಂದು ಎಡಗಾಲಿಗೂ ಕೆಲಸ ಸಿಕ್ಕಿತು. ನೀನು ಹದಿಮೂರು ವರ್ಷ ಕಲಿತಿದ್ದು ನಾಲ್ಕು ಕೈಕಾಲಿನ ಲೆಕ್ಕ. ಅದರಲ್ಲಿ ಎರಡನ್ನು ಕಟ್ಟಿಹಾಕಿ ಕೂತರೆ ಹೇಗೆ ಹತ್ತುತ್ತದೆ ಹೇಳು?

ಇನ್ನೊಂದು ಮಾತು. ಒಂದೇ ಸ್ನೇರ್ ತಗೋ. ನಡುವೆ ಹೊಡೆದರೆ ಒಂದು ದನಿ, ಅಂಚಿಗೆ ಬಂದರೆ ಇನ್ನೊಂದು, ರಿಮ್ ಸೇರಿಸಿದರೆ ಮತ್ತೊಂದು, ಸ್ಟಿಕ್ ಮಲಗಿಸಿ ಹೊಡೆದರೆ ಬೇರೆಯೇ. ಕೆಳಗಿನ ತಂತಿ ಸಡಿಲ ಬಿಟ್ಟರೆ ಎಲ್ಲ ಬದಲು. ಪ್ಯಾಡಿನಲ್ಲಿ ಪೆಟ್ಟಿನ ಜೋರನ್ನು 127 ಮೆಟ್ಟಿಲಾಗಿ ಅಳೆಯುತ್ತದಂತೆ. ಇರಲಿ. ಚರ್ಮಕ್ಕೆ ಮೆಟ್ಟಿಲೇ ಇಲ್ಲ. ಅದು ಇಳಿಜಾರು.

ಮೈಕ್‌ಸೆಟ್ ಜೇವರ್ಗಿ

ಪೆಡಲ್ ಅಣ್ಣಾರ ಮಾತು ಒಪ್ಪುತ್ತೇನೆ. ಆದರೆ ಮಾರುವ ಮುಂಚೆ ಒಂದು ಕೇಳಬೇಕು. ಡ್ರಮ್ಮರ್ ಸರ್, ಮನೆಯಲ್ಲಿ ಯಾವ ಸ್ಪೀಕರಿಗೆ ಹಾಕಿ ಕೇಳ್ತೀರಿ? ಸ್ಟೇಜ್ ಮೇಲೆ ಮಾನಿಟರ್, ಅಂದರೆ ಬಾರಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್, ಎಲ್ಲಿ ಇಡ್ತೀರಿ?

ಸೇಡಂ ರಸ್ತೆ ಡ್ರಮ್ಮರ್

ಮನೆಯಲ್ಲಿ ಹೆಡ್‌ಫೋನ್ ಜ್ಯಾಕಿಗೆ ಒಂದು ಬ್ಲೂಟೂತ್ ಡಬ್ಬಿ ಸಿಕ್ಕಿಸಿ, ಆ ಮೂಲಕ ಪಾರ್ಟಿ ಸ್ಪೀಕರ್. ಸ್ಟೇಜ್ ಮೇಲೆ ನನಗೆ ಬೇರೆ ಮಾನಿಟರ್ ಇರುವುದಿಲ್ಲ. ಮುಂದಿನ ದೊಡ್ಡ ಬಾಕ್ಸಿನ ಸದ್ದನ್ನೇ ಹಿಂದಿನಿಂದ ಕೇಳುತ್ತೇನೆ.

ಮೈಕ್‌ಸೆಟ್ ಜೇವರ್ಗಿ

ನೀವು ಹೇಳಿದ ಆ ಎಳೆ ಇಲ್ಲೇ ಇದೆ ನೋಡ್ರಿ. ಪ್ಯಾಡ್ ಒಳಗಿನ ತಡ ತೀರಾ ಕಡಿಮೆ, ಕೆಲವೇ ಮಿಲಿಸೆಕೆಂಡ್. ಕೈಗೆ ಗೊತ್ತಾಗಲ್ಲ. ಬ್ಲೂಟೂತ್ ಮಾತ್ರ ಸುಲಭವಾಗಿ 100, 200 ಮಿಲಿಸೆಕೆಂಡ್ ತಿನ್ನುತ್ತದೆ. ಹಾಡು ಕೇಳಲು ಅದು ಸಾಕು. ಬಾರಿಸಲು ಆಗಲ್ಲ. ಇವತ್ತೇ ಆ ಡಬ್ಬಿ ತೆಗೆದಿಡಿ, ವೈರ್ ಹಾಕಿ.

ಸ್ಟೇಜಿನದು ಬೇರೆ ಲೆಕ್ಕ. ಸದ್ದು ಗಾಳಿಯಲ್ಲಿ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ದೊಡ್ಡ ಬಾಕ್ಸ್ ನಿಮ್ಮಿಂದ ಏಳೆಂಟು ಮೀಟರ್ ದೂರ ಇದ್ದರೆ 20 ಮಿಲಿಸೆಕೆಂಡ್ ದಾಟಿತು. ಡ್ರಮ್ ಸೆಟ್ಟಿನಲ್ಲಿ ಸ್ನೇರ್ ನಿಮ್ಮ ಹೊಟ್ಟೆ ಹತ್ತಿರವೇ ಇರುತ್ತದೆ, ಹೊಡೆದ ಕ್ಷಣವೇ ಕೇಳುತ್ತದೆ. ಪ್ಯಾಡಿಗೆ ಸ್ವಂತ ದನಿ ಇಲ್ಲ. ಅದರ ಬಾಯಿ ಅಂದರೆ ಸ್ಪೀಕರ್. ಬಾಯನ್ನು ಸ್ಟೇಜಿನ ಆ ತುದಿಗೆ ಇಟ್ಟು ಕೈಯನ್ನು ಈ ತುದಿಗೆ ಇಟ್ಟರೆ ಹೊಂದಾಣಿಕೆ ಹೇಗೆ ಆಗಬೇಕು? ಒಂದು ಮಾನಿಟರ್ ಮೊಣಕಾಲ ಹತ್ತಿರ ಇಡಿಸಿಕೊಳ್ಳಿ. ಮೈಕ್‌ಸೆಟ್‌ನವರನ್ನು ಕೇಳಲು ಸಂಕೋಚ ಬೇಡ.

ಬೇಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಟು ಇಂಚಿನ ಸ್ಪೀಕರಿನಿಂದ 22 ಇಂಚಿನ ಬೇಸ್ ಡ್ರಮ್ ಕೇಳಿಸು ಅಂದರೆ ಅದಾದರೂ ಏನು ಮಾಡೀತು. ಸಬ್ (ತಗ್ಗು ದನಿಗೆಂದೇ ಇರುವ ದೊಡ್ಡ ಸ್ಪೀಕರ್) ಇರಲೇಬೇಕು. ಗಿಟಾರ್ ಆ್ಯಂಪ್‌ಗೆ ಹಾಕಬೇಡಿ, ಸಿಂಬಲ್‌ಗಳ ಏರು ದನಿ ಸತ್ತುಹೋಗುತ್ತದೆ. ಕೀಬೋರ್ಡ್ ಹಾಕುವ ಕಡೆ ಹಾಕಿ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಗುಂಯ್ ಅಂದರೆ ನಡುವೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಡಬ್ಬಿ) ಇರಲಿ, ಅದರ ಗ್ರೌಂಡ್ ಬಟನ್ ಎತ್ತಿದರೆ ಬಹಳ ಸಲ ನಿಂತುಹೋಗುತ್ತದೆ.

ಡಗ್ಗಾ ಬೀದರ್

ನಾನು ಭಜನಿ ಮಂಡಳಿಯಲ್ಲಿ ತಬಲಾ ಬಾರಿಸುವವನು. ವಯಸ್ಸು ಅರವತ್ತೊಂದು. ನನ್ನ ಮಗ ಹ್ಯಾಂಡ್‌ಸೋನಿಕ್ ತಂದು ಕೊಟ್ಟು ನಾಲ್ಕು ವರ್ಷ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಡ್ರಮ್ಮರ್ ತಮ್ಮಾ, ನೀವು ಅದನ್ನು ಸಣ್ಣ ಡ್ರಮ್ ಸೆಟ್ ಅಂತ ತಿಳಿದು ತಂದಿದ್ದೀರಿ. ಅದು ಡ್ರಮ್ ಸೆಟ್ ಅಲ್ಲ. ಕೈವಾದ್ಯ. ತಬಲಾ, ಢೋಲಕ್, ದಮ್ಮಡಿ ಇದರ ಬಳಗ. ಆಕ್ಟೋಪ್ಯಾಡ್ ಬೇರೆ, ಇದು ಬೇರೆ. ರೋಲ್ಯಾಂಡ್‌ನವರು 1985ರಲ್ಲಿ ಮೊದಲ ಆಕ್ಟೋಪ್ಯಾಡ್ ತಂದರು. ಎಂಟು ಪ್ಯಾಡ್, ಸ್ಟಿಕ್ಕಿನಿಂದ ಹೊಡೆಯಲು ಮಾಡಿದ್ದು. ಅದರೊಳಗೆ ಸ್ವಂತ ಟೋನ್ ಕೂಡ ಇರಲಿಲ್ಲ, ಬೇರೆ ಯಂತ್ರಕ್ಕೆ ಮಿಡಿ ವೈರ್ ಹಾಕಬೇಕಿತ್ತು. ಹ್ಯಾಂಡ್‌ಸೋನಿಕ್ ಬಂದದ್ದು 2000ದಲ್ಲಿ. ಅದು ಬೆರಳಿಗೆ, ಅಂಗೈಗೆ ಮಾಡಿದ್ದು. ಅದರ ಮೇಲೆ ಸ್ಟಿಕ್ ಆಡಿಸಲೇಬಾರದು. ನಮ್ಮ ಕಡೆ ಎರಡಕ್ಕೂ ಪ್ಯಾಡ್ ಅಂತಲೇ ಕರೆಯುತ್ತಾರೆ. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಗೆಣ್ಣು ಯಾಕೆ ನೋಯುತ್ತದೆ? ನೀವು ಬೆರಳನ್ನು ಸ್ಟಿಕ್ ಮಾಡಿಕೊಂಡಿದ್ದೀರಿ. ಸ್ಟಿಕ್ ತಾನೇ ಪುಟಿಯುತ್ತದೆ. ಬೆರಳು ಪುಟಿಯುವುದಿಲ್ಲ, ಎತ್ತಬೇಕು. ತಬಲಾದಲ್ಲಿ 'ನಾ' ಬಾರಿಸುವಾಗ ಬೆರಳು ಬಿಸಿ ಹಂಚು ಮುಟ್ಟಿದ ಹಾಗೆ ತಟ್ಟನೆ ಹಿಂದೆ ಬರುತ್ತದೆ, ಅಲ್ವಾ? ಹಾಗೆ ಬಾರಿಸಿ. ಜೋರು ಬೇಕಿಲ್ಲ. ಜೋರು ಮಾಡಲು ಮೈಕ್‌ಸೆಟ್ ಇದೆ. ಸೆನ್ಸಿಟಿವಿಟಿ ಏರಿಸಿ, ಕೈ ಹಗುರ ಮಾಡಿ. ಬೆರಳಿನ ತುದಿ ಒಂದು ಪೆಟ್ಟು, ಬೆರಳು ಪೂರ್ತಿ ಮಲಗಿದರೆ ಇನ್ನೊಂದು, ಅಂಗೈಯ ಅಂಚು ಮೂರನೆಯದು.

ಇನ್ನು ಬೇಸ್. ಬೆರಳಲ್ಲಿ ಬೇಸ್ ಹೊಡೆಯುವುದು ಕಷ್ಟ ಅನ್ನುತ್ತೀರಿ. ನಮಗೆ ಎಡಗೈಯೇ ಬೇಸ್. ಡಗ್ಗಾ (ತಬಲಾ ಜೋಡಿಯಲ್ಲಿ ಎಡಗಡೆಯ ದೊಡ್ಡದು) ಬಾರಿಸುವವನ ಎಡಗೈ ಮಾಡುವುದು ನಿಮ್ಮ ಬಲಗಾಲಿನ ಕೆಲಸವೇ. ನಡುವಿನ ದೊಡ್ಡ ಪ್ಯಾಡಿಗೆ ಬೇಸ್ ಹಾಕಿ. ಎಡಗೈ ಅಲ್ಲೇ ಮನೆ ಮಾಡಲಿ. ಎರಡು ಬೆರಳಲ್ಲಿ 'ಗೆ' ಹೊಡೆದು ಮಣಿಕಟ್ಟಿನಿಂದ ಒತ್ತಿ. ಈ ಪ್ಯಾಡ್ ಪೆಟ್ಟನ್ನಷ್ಟೇ ಅಲ್ಲ, ಒತ್ತಡವನ್ನೂ ಹಿಡಿಯುತ್ತದೆ. ಟೋನ್ ಹಾಗೆ ಸೆಟ್ ಮಾಡಿದ್ದರೆ ಒತ್ತಿದಂತೆ ಸ್ವರ ಜಾರುತ್ತದೆ. ಆ ಜಾರು ಯಾವ ಬೇಸ್ ಡ್ರಮ್ಮಿನ ಪೆಡಲಿಗೂ ಸಿಗುವುದಿಲ್ಲ. ಹುಮನಾಬಾದಿನ ಅಣ್ಣಾರು ಇಳಿಜಾರು ಅಂದರಲ್ಲ, ಪ್ಯಾಡಿನ ಇಳಿಜಾರು ಅಲ್ಲಿದೆ.

ಒಂದು ತಿಂಗಳು ಡ್ರಮ್ ಕಿಟ್ ಟೋನ್ ಮುಟ್ಟಬೇಡಿ. ಬರೀ ಕೆಹರ್ವಾ ಬಾರಿಸಿ. ಧಾ ಗೆ ನಾ ತಿ, ನ ಕ ಧಿ ನ. ಎಂಟು ಮಾತ್ರೆ. ನಿಧಾನ. ಬಾಯಲ್ಲಿ ಹೇಳುತ್ತಾ ಬಾರಿಸಿ. ಆಮೇಲೆ ಅದೇ ಕೈಗೆ ಬೇಸ್, ಸ್ನೇರ್ ಟೋನ್ ಹಾಕಿ ನೋಡಿ.

ಸೇಡಂ ರಸ್ತೆ ಡ್ರಮ್ಮರ್

ಕಾಕಾ, ಇದನ್ನು ನಾಲ್ಕು ಸಲ ಓದಿದೆ. ಎಡಗೈಯೇ ಬಲಗಾಲು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ನಿನ್ನೆ ರಾತ್ರಿ ವೈರ್ ಹಾಕಿ ಒಂದು ತಾಸು ಬರೀ 'ಗೆ' ಹೊಡೆದೆ. ಗೆಣ್ಣು ನೋಯಲಿಲ್ಲ. ರೋಲಿನ ಹೊಲಿಗೆ ಮಶೀನು ಮಾತ್ರ ಹಾಗೇ ಇದೆ.

ಡಗ್ಗಾ ಬೀದರ್

ಅದಕ್ಕೆ ನನ್ನ ಮಗ ತೋರಿಸಿದ ದಾರಿ ಇದೆ. ಒಂದೇ ಪೆಟ್ಟಿಗೆ ಒಂದೇ ರೆಕಾರ್ಡ್ ಮಾಡಿದ ದನಿ ಬಂದರೆ ಕಿವಿ ಕೂಡಲೇ ಹಿಡಿಯುತ್ತದೆ. ನಿಜವಾದ ಚರ್ಮದಲ್ಲಿ ಎರಡು ಪೆಟ್ಟು ಎಂದೂ ಒಂದೇ ಆಗಿರುವುದಿಲ್ಲ. ಅಕ್ಕಪಕ್ಕದ ಎರಡು ಪ್ಯಾಡಿಗೆ ಅದೇ ಸ್ನೇರ್ ಹಾಕಿ. ಎರಡನೆಯದರ ಪಿಚ್ ಕೂದಲೆಳೆಯಷ್ಟು ಇಳಿಸಿ, ವಾಲ್ಯೂಮ್ ಒಂಚೂರು ಕಡಿಮೆ ಮಾಡಿ. ಎರಡರ ಮೇಲೂ 'ತಿರಕಿಟ' ಬಾರಿಸಿ. ಮಶೀನು ಓಡಿಹೋಗುತ್ತದೆ.

ಮಾಳಿಗೆ ಮೇಲಿನ ತಾಳ

ನಾನು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ, ಬಾಡಿಗೆ ರೂಮಿನಲ್ಲಿದ್ದೇನೆ. ಡ್ರಮ್ ಕಲಿಯಬೇಕು ಅಂತ ಬಹಳ ಆಸೆ. ಡ್ರಮ್ ಸೆಟ್ ತಂದರೆ ಮನೆ ಮಾಲೀಕರು ಅದೇ ದಿನ ರೂಮ್ ಖಾಲಿ ಮಾಡಿಸುತ್ತಾರೆ. ಮೊಬೈಲ್ ಆ್ಯಪಿನಲ್ಲಿ ಬೆರಳಾಡಿಸುತ್ತಿದ್ದೇನೆ. ನನಗೆ ಯಾವುದು ಸರಿ ಅಣ್ಣಾರೇ?

ಹಳೇ ಪೆಡಲ್, ಹುಮನಾಬಾದ್

ತಂಗಿ, ನಿನಗೆ ಬೇಕಿರುವುದು ಡ್ರಮ್ ಸೆಟ್ಟಾ, ಇಲ್ಲ ತಾಳವಾ ಅಂತ ಮೊದಲು ನಿನ್ನನ್ನೇ ಕೇಳಿಕೋ. ಸೆಟ್ಟೇ ಬೇಕು ಅಂದರೆ ಒಂದು ಜೊತೆ ಸ್ಟಿಕ್, ಒಂದು ರಬ್ಬರ್ ಪ್ರ್ಯಾಕ್ಟೀಸ್ ಪ್ಯಾಡ್ ತಗೋ. ಆರು ತಿಂಗಳು ಸಿಂಗಲ್, ಡಬಲ್, ಪ್ಯಾರಡಿಡಲ್ ಅನ್ನುವ ಕೈ ಪಾಠಗಳು. ಕೂತು ಬಾರಿಸುವಾಗ ಎರಡೂ ಕಾಲು ನೆಲಕ್ಕೆ ಲೆಕ್ಕ ಹೇಳುತ್ತಾ ಇರಲಿ. ಪಕ್ಕದ ರೂಮಿಗೆ ಅಷ್ಟಾಗಿ ಕೇಳಲ್ಲ. ವಾರಕ್ಕೊಮ್ಮೆ ಎಲ್ಲಾದರೂ ನಿಜವಾದ ಸೆಟ್ ಮೇಲೆ ಕೂತುಕೋ. ಪ್ಯಾಡಿನಲ್ಲೇ ಕಲಿತವರು ಸೆಟ್ ಮೇಲೆ ಕೂತಾಗ ಸದ್ದಿಗೆ ಹೆದರುತ್ತಾರೆ, ಇಲ್ಲವೇ ಎಲ್ಲವನ್ನೂ ಒಂದೇ ಜೋರಲ್ಲಿ ಹೊಡೆಯುತ್ತಾರೆ. ಇಬ್ಬರನ್ನೂ ನೋಡಿದ್ದೇನೆ.

ಮೈಕ್‌ಸೆಟ್ ಜೇವರ್ಗಿ

ಕೈವಾದ್ಯವೇ ಇಷ್ಟ ಆದರೆ ಹ್ಯಾಂಡ್‌ಸೋನಿಕ್ ಜೊತೆ ಒಂದು ಒಳ್ಳೇ ಹೆಡ್‌ಫೋನ್. ರೂಮಿಗೆ ಅದೇ ಸರಿ. ಆ್ಯಪ್ ಬಗ್ಗೆ ಹೇಳುವುದಾದರೆ ತಾಳ ನೆನಪಿಡಲು ಪರವಾಗಿಲ್ಲ, ಕೈ ಪಳಗಿಸಲು ಬೇಡ. ಗಾಜಿಗೆ ಮೆತ್ತಗೆ ಹೊಡೆದದ್ದು, ಗಟ್ಟಿ ಹೊಡೆದದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಝೆನ್‌ಡ್ರಮ್ ಅಂತ ಒಂದು ಇದೆ. ಗಿಟಾರಿನ ಹಾಗೆ ಕೊರಳಿಗೆ ಹಾಕಿಕೊಂಡು ಬೆರಳಲ್ಲಿ ಬಾರಿಸುತ್ತಾರೆ. ವಿಡಿಯೋ ನೋಡು ತಂಗಿ, ಬೆರಳಲ್ಲಿ ಪೂರ್ತಿ ಡ್ರಮ್ ಸೆಟ್ ಆಡಿಸುವುದು ಆಗುತ್ತದೆ ಅಂತ ನಂಬಿಕೆ ಬರುತ್ತದೆ.

ಹಲಗಿ ಕೈ, ಸುರಪುರ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನದೂ ಒಂದು ಮಾತು ಇದೆ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಲಗಿ ಬಾರಿಸುತ್ತೇವೆ. ಜಾತ್ರೆ, ಮೊಹರಂ, ಲಗ್ನ, ಸಾವು, ಎಲ್ಲಕ್ಕೂ. ನಿಮ್ಮ ಪ್ಯಾಡಿನಲ್ಲಿ ಹಲಗಿ ಅಂತ ಒಂದು ಟೋನ್ ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಬರುತ್ತಾರೆ. ಹೋದ ವರ್ಷ ಒಂದು ಲಗ್ನದ ಮೆರವಣಿಗೆಗೆ ನಮ್ಮನ್ನು ಹೇಳಿದ್ದರು. ಎರಡು ದಿನ ಮುಂಚೆ ಫೋನ್ ಮಾಡಿ ಬೇಡ ಅಂದರು. ಗಾಡಿ ಮೇಲೆ ಪ್ಯಾಡಿನವರು ಬರುತ್ತಾರೆ, ಹಲಗಿ ಅದರಲ್ಲೇ ಇದೆ ಅಂದರು. ನಾವು ಐದು ಜನ ಬೇರೆ ಕೆಲಸ ಬಿಟ್ಟು ಕೂತಿದ್ದೆವು.

ಅದರಲ್ಲಿ ಹಲಗಿ ಇಲ್ಲರೀ. ಹಲಗಿ ಬಾರಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತೇವೆ. ಚರ್ಮ ಬಿಗಿಯಾಗುತ್ತದೆ, ದನಿ ಏರುತ್ತದೆ. ಮಳೆಗಾಲದಲ್ಲಿ ಜಾಸ್ತಿ ಕಾಯಿಸಬೇಕು. ಮೇ ತಿಂಗಳ ಬಿಸಿಲಲ್ಲಿ ನೆಲವೇ ಕಾಯಿಸಿ ಕೊಡುತ್ತದೆ. ತಾಸು ಕಳೆದಂತೆ ದನಿ ಇಳಿಯುತ್ತದೆ, ಮತ್ತೆ ಬೆಂಕಿಗೆ ಹೋಗುತ್ತೇವೆ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ. ಐದು ಹಲಗಿ ಒಟ್ಟಿಗೆ ಬಿದ್ದಾಗ ಐದೂ ಒಂದೇ ಸಲ ಬೀಳುವುದಿಲ್ಲ. ಒಂದು ಕೂದಲು ಹಿಂದೆ, ಒಂದು ಕೂದಲು ಮುಂದೆ. ಆ ಸಂದಿಯಲ್ಲೇ ಕಾಲು ಕುಣಿಯುವುದು. ಒಬ್ಬನೇ ಒಂದು ಬೆರಳಲ್ಲಿ ಒತ್ತಿದರೆ ಆ ಸಂದಿ ಎಲ್ಲಿಂದ ಬರಬೇಕು?

ನಿಮ್ಮ ಯಂತ್ರದ ಮೇಲೆ ನನಗೆ ದ್ವೇಷ ಇಲ್ಲ. ನಮ್ಮ ಹೆಸರು ಅದರ ಮೇಲೆ ಬರೆದು ನಮ್ಮನ್ನು ಮನೆಗೆ ಕಳಿಸಬೇಡಿ ಅಷ್ಟೇ.

ಸೇಡಂ ರಸ್ತೆ ಡ್ರಮ್ಮರ್

ಅಣ್ಣಾ, ಆ ಟೋನ್ ನನ್ನ ಹತ್ತಿರವೂ ಇದೆ. ಎರಡು ಕಾರ್ಯಕ್ರಮದಲ್ಲಿ ಬಾರಿಸಿದ್ದೇನೆ. ಯಾರ ಜಾಗದಲ್ಲಿ ಬಾರಿಸುತ್ತಿದ್ದೇನೆ ಅಂತ ಯೋಚಿಸಿರಲಿಲ್ಲ. ತಪ್ಪಾಯಿತು. ಇವತ್ತು ಅಳಿಸಿದೆ.

ಹಳೇ ಪೆಡಲ್, ಹುಮನಾಬಾದ್

ಹಲಗಿ ತಮ್ಮನ ಮಾತು ಓದಿ ಎರಡು ದಿನ ಸುಮ್ಮನೆ ಕೂತಿದ್ದೆ. ನಮ್ಮ ಡ್ರಮ್ ಸೆಟ್ಟಿನ ಹಾಳೆ ಕೂಡ ಮೊದಲು ಕರುವಿನ ಚರ್ಮದ್ದೇ. ತಂಪಿಗೆ ಸಡಿಲ, ಬಿಸಿಗೆ ಬಿಗಿ. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ಹಾಳೆ ಬಂತು. ಆಗಲೂ ಯಾರೋ ಇದರಲ್ಲಿ ಜೀವ ಇಲ್ಲ ಅಂದಿರಬೇಕು. ನಾನು ಪ್ಲಾಸ್ಟಿಕ್ ಮೇಲೆ ಕಲಿತವನು, ನನಗೆ ಅದೇ ಚರ್ಮ. ಹಾಗಾಗಿ ಮಾರಿಬಿಡು ಅಂತ ಮೊದಲು ಬರೆದದ್ದನ್ನು ಹಿಂದೆ ತಗೊಳ್ಳುತ್ತೇನೆ. ಆದರೆ ಹಾಳೆ ಬದಲಾದಾಗ ಬಾರಿಸುವವನು ಮನೆಗೆ ಹೋಗಲಿಲ್ಲ. ಈಗ ಹೋಗುತ್ತಿದ್ದಾನೆ. ವ್ಯತ್ಯಾಸ ಅದು.

ಡಗ್ಗಾ ಬೀದರ್

ತಬಲಾಕ್ಕೂ ಇದೇ ಗತಿ ಬಂದಿದೆ. ತಾಳದ ಪೆಟ್ಟಿಗೆ ಇಟ್ಟುಕೊಂಡು ಭಜನಿ ಮಾಡುವ ಮಂಡಳಿಗಳಿವೆ. ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ತಬಲಾ ಇರುವ ಕಡೆ ಪ್ಯಾಡಿನಲ್ಲಿ ತಬಲಾ ಬಾರಿಸುವುದಿಲ್ಲ. ಅಲ್ಲಿ ಪ್ಯಾಡ್ ಬೇರೆ ದನಿ ಕೊಡಲಿ. ನೀರಿನ ಹನಿ, ಗಂಟೆ, ದೂರದ ನಗಾರಿ. ಯಾರದೂ ಅಲ್ಲದ ದನಿಗಳು ಅದರಲ್ಲಿ ಬೇಕಾದಷ್ಟಿವೆ. ತಾಳವಾದ್ಯಗಾರ ತ್ರಿಲೋಕ್ ಗುರ್ತು ಅವರನ್ನು ನೋಡಿ. ಡ್ರಮ್ ಮುಂದೆ ಮಂಡಿ ಊರಿ ಕೂರುತ್ತಾರೆ, ತಬಲಾನೂ ಪಕ್ಕದಲ್ಲಿ ಇರುತ್ತದೆ. ಒಂದು ಇನ್ನೊಂದರ ಜಾಗ ಕಸಿಯುವುದಿಲ್ಲ.

ಸೇಡಂ ರಸ್ತೆ ಡ್ರಮ್ಮರ್

ಏಳು ವಾರ ಆಯಿತು. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಕಾಕಾ ಹೇಳಿದಂತೆ ಒಂದು ತಿಂಗಳು ಬರೀ ಕೆಹರ್ವಾ, ದಾದ್ರಾ. ಎರಡನೇ ವಾರದಲ್ಲಿ ಎಡಗೈ ತಾನೇ ಬೇಸ್ ಹುಡುಕತೊಡಗಿತು. ಆಮೇಲೆ ಡ್ರಮ್ ಟೋನ್ ಹಾಕಿದೆ. ಹಳೇ ಬೀಟ್ ಬರಲಿಲ್ಲ, ಬೇರೆ ಬೀಟ್ ಬಂತು. ಡ್ರಮ್ ಸೆಟ್ ಮೇಲೆ ನಾನು ಎಂದೂ ಬಾರಿಸದ ಸಣ್ಣ ಸಣ್ಣ ಪೆಟ್ಟುಗಳು ನಡುವೆ ಬೀಳುತ್ತವೆ. ಕಾಲಿಗೆ ಕೆಲಸ ಇಲ್ಲದೆ ಒದ್ದಾಟ ಆಗುತ್ತಿತ್ತು, ಅದಕ್ಕೆ ಹಿಂದಿನ ಟ್ರಿಗರ್ ಜ್ಯಾಕಿಗೆ ಒಂದು ಕಿಕ್ ಪೆಡಲ್ ಹಾಕಿ ನೋಡಿದೆ. ಮೂರು ದಿನದಲ್ಲಿ ತೆಗೆದುಬಿಟ್ಟೆ. ಪೆಡಲ್ ಬಂದ ಕೂಡಲೇ ಎಡಗೈ ಸೋಮಾರಿಯಾಗುತ್ತಿತ್ತು.

ನಡುವೆ ಒಂದು ಕೆಟ್ಟ ದಿನವೂ ಆಯಿತು. ಅಡಾಪ್ಟರ್ ಮರೆತು ಹೋಗಿದ್ದೆ. ಅಲ್ಲೇ ಒಂದು ಅಂಗಡಿಯಲ್ಲಿ 9 ವೋಲ್ಟಿನದು ಕೇಳಿ ತಗೊಂಡೆ. ಪಿನ್ ಕೂತಿತು, ಪ್ಯಾಡ್ ಆನ್ ಆಗಲಿಲ್ಲ. ರೋಲ್ಯಾಂಡಿಗೆ ಪಿನ್ನಿನ ಒಳಗೆ ಮೈನಸ್ ಬೇಕು, ಇದರಲ್ಲಿ ಪ್ಲಸ್ ಇತ್ತು. ಪುಣ್ಯಕ್ಕೆ ಪ್ಯಾಡ್ ಸುಡಲಿಲ್ಲ. ಆದರೆ ಆ ಸಂಜೆ ನನ್ನಿಂದ ತಾಳ ಇಲ್ಲದೆ ಹಾಡಿದರು. ಹಾಡಿದ ಅಜ್ಜಿಯ ಮುಖ ಇನ್ನೂ ಕಣ್ಣ ಮುಂದಿದೆ. ಈಗ ಎರಡು ಅಡಾಪ್ಟರ್ ಬ್ಯಾಗಿನಲ್ಲೇ ಇರುತ್ತವೆ. ಕರೆಂಟ್ ಹೋದರೆ ಅಂತ ಒಂದು ಸಣ್ಣ ಯುಪಿಎಸ್ ಕೂಡ.

ಹೋದ ಭಾನುವಾರ ಗಾಣಗಾಪುರ ಹತ್ತಿರ ಒಂದು ಹಳ್ಳಿಯಲ್ಲಿ ತತ್ವಪದ ಭಜನೆ. ಚಿಕ್ಕ ಪಡಸಾಲೆ, ಹದಿನೈದು ಜನ. ಅಲ್ಲಿಗೆ ನನ್ನ ಡ್ರಮ್ ಸೆಟ್ ಒಯ್ದಿದ್ದರೆ ಏಕತಾರಿ ಮುಳುಗಿಯೇ ಹೋಗುತ್ತಿತ್ತು. ಪ್ಯಾಡ್ ತೊಡೆ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟು ಬಾರಿಸಿದೆ. ಎಡಗೈ ಒತ್ತಿದಾಗ ಸ್ವರ ಜಾರಿತು. ಹಾಡುತ್ತಿದ್ದ ಅಜ್ಜ ಕಣ್ಣು ತೆರೆದು ನನ್ನ ಕಡೆ ನೋಡಿ, ಅದೇ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡರು. ಹದಿಮೂರು ವರ್ಷದಲ್ಲಿ ನನ್ನ ತಾಳ ಕೇಳಿ ಯಾರೂ ಸಾಲು ತಿರುಗಿಸಿ ಹಾಡಿರಲಿಲ್ಲ.

ಡ್ರಮ್ ಸೆಟ್ ಮಾರುವುದಿಲ್ಲ, ಪ್ಯಾಡೂ ಮಾರುವುದಿಲ್ಲ. ದೊಡ್ಡ ಬಯಲಿಗೆ ಸೆಟ್ಟು, ಪಡಸಾಲೆಗೆ ಪ್ಯಾಡು.

ಹಲಗಿ ಅಣ್ಣಾ, ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಸಮಯದಲ್ಲಿ ನಮ್ಮ ಆರ್ಕೆಸ್ಟ್ರಾಕ್ಕೆ ಒಂದು ಕಾರ್ಯಕ್ರಮ ಇದೆ. ಐದು ಹಲಗಿಗೂ ಸೇರಿಸಿ ರೇಟ್ ಮಾತಾಡಿದ್ದೇನೆ. ನಾನು ಸೆಟ್ ಮೇಲೆ ಇರುತ್ತೇನೆ. ಬರುತ್ತೀರಾ?

ಹಲಗಿ ಕೈ, ಸುರಪುರ

ಬರುತ್ತೇವೆ. ಹಿಂದಿನ ಕಡೆ ಬೆಂಕಿ ಹಾಕಲು ಒಂದಿಷ್ಟು ಜಾಗ ಇಡಿಸಿ.

ಮೈಕ್‌ಸೆಟ್ ಜೇವರ್ಗಿ

ಹುಲ್ಲು ನಾನು ತರುತ್ತೇನೆ. ಹಲಗಿಗೆ ಮೈಕ್ ಮೂರು ಅಡಿ ದೂರ ಇಡಬೇಕು, ಐದಕ್ಕೂ ಸೇರಿ ಎರಡೇ ಸಾಕು. ವೈರ್‌ಗಳನ್ನು ಮಾತ್ರ ಬೆಂಕಿಯ ಕಡೆಯಿಂದ ಎಳೆಯುವುದಿಲ್ಲ.